ಗೆದ್ದನೆಂದು ಹೇಳಿದವರು ಯಾರು?

‘ಇಮ್ಮಡಿ ಪುಲಿಕೇಶಿಯ ಸಾಧನೆಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಒಮ್ಮೆಯಾದರೂ ಉತ್ತರ ಬರೆಯದೆ ಕರ್ನಾಟಕದಲ್ಲಿ ಹೈಸ್ಕೂಲು ದಾಟಿದವರು ವಿರಳ. ಉತ್ತರವೂ ಎಲ್ಲರಿಗೂ ಬಾಯಿಪಾಠ: ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದ, ಪಲ್ಲವರ ಮಹೇಂದ್ರವರ್ಮನನ್ನು ಸೋಲಿಸಿದ, ದಕ್ಷಿಣಾಪಥಕ್ಕೆ ಒಡೆಯನೆನಿಸಿದ, ಕೊನೆಗೆ ನರಸಿಂಹವರ್ಮನ ಕೈಯಲ್ಲಿ ಸೋತ. ನಾಲ್ಕು ಅಂಶ ಬರೆದರೆ ನಾಲ್ಕು ಅಂಕ. ಸುಮಾರು ಸಾವಿರದ ನಾನೂರು ವರ್ಷಗಳ ಹಿಂದೆ ನಡೆದ ಈ ಸಂಗತಿಗಳು ನಮಗೆ ತಿಳಿದದ್ದು ಹೇಗೆ, ಅವುಗಳನ್ನು ಹೇಳಿದವರು ಯಾರು, ಸೋತವರು ಅದೇ ಯುದ್ಧವನ್ನು ಹೇಗೆ ನೆನೆದುಕೊಂಡರು ಎಂದು ಒಮ್ಮೆಯೂ ಕೇಳಿಕೊಳ್ಳದೆ ಮಗು ಪೂರ್ಣಾಂಕ ಪಡೆದು ಮುಂದಿನ ತರಗತಿಗೆ ಹೋಗಬಹುದು. ಇತಿಹಾಸದ ಪಠ್ಯದಲ್ಲಿ ಯಾರಿರಬೇಕು, ಯಾರಿರಬಾರದು ಎಂದು ರಾಜ್ಯದಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಪಾಠದ ಕೊನೆಯಲ್ಲಿ ‘ಅಭ್ಯಾಸ’ ಎಂಬ ತಲೆಬರಹದಡಿ ಅಚ್ಚಾಗುವ ಪ್ರಶ್ನೆಗಳ ಬಗ್ಗೆ ಅಂಥ ವಾದ ನಡೆದದ್ದನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ಇತಿಹಾಸ ಬೋಧನೆಯ ನಿಜವಾದ ಸಮಸ್ಯೆ ಇರುವುದು ಆ ಪ್ರಶ್ನೆಗಳಲ್ಲಿ.

ಪುಲಿಕೇಶಿಯ ಉದಾಹರಣೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅವನ ದಿಗ್ವಿಜಯದ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಮಾತು ಬರುವುದು ಐಹೊಳೆಯ ಮೇಗುತಿ ಗುಡ್ಡದ ಜಿನಾಲಯದ ಗೋಡೆಯ ಮೇಲಿರುವ ಶಾಸನದಿಂದ. ಅದರ ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634-35. ಬರೆದವನು ರವಿಕೀರ್ತಿ, ಪುಲಿಕೇಶಿಯ ಆಶ್ರಯದಲ್ಲಿದ್ದ ಕವಿ. ಆ ಜಿನಾಲಯವನ್ನು ಕಟ್ಟಿಸಿದವನೂ ಅವನೇ. ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಕೀರ್ತಿಗೆ ಸಮನೆಂದು ಹೇಳಿಕೊಳ್ಳಲು ಹಿಂಜರಿಯದ ಕವಿ ಆತ. ಹರ್ಷನ ‘ಹರ್ಷ’ವೇ ಭಯದಿಂದ ಕರಗಿಹೋಯಿತು ಎಂದು ಅವನು ಪದಗಳೊಡನೆ ಆಡಿದ್ದಾನೆ. ಪಲ್ಲವರ ಒಡೆಯನ ಪ್ರತಾಪವು ಚಾಲುಕ್ಯ ಸೇನೆಯ ಧೂಳು ಮುಸುಕಿದ ಕಾಂಚೀಪುರದ ಕೋಟೆಗೋಡೆಯ ಹಿಂದೆ ಮರೆಯಾಯಿತು ಎಂದಿದ್ದಾನೆ. ಅದು ಸೊಗಸಾದ ಕಾವ್ಯ, ಸಂಸ್ಕೃತದಲ್ಲಿದೆ, ಹಳಗನ್ನಡದ ಲಿಪಿಯಲ್ಲಿದೆ. ಅರಸನ ಅನ್ನ ಉಂಡ ಕವಿಯೊಬ್ಬ ಅರಸನ ಹೊಗಳಿಕೆಗೆ ಬರೆದದ್ದು ಎಂಬುದೂ ಅಷ್ಟೇ ನಿಜ.

ಈಗ ಪಲ್ಲವರ ಮಾತು ಕೇಳಬೇಕು. ನೂರು ವರ್ಷಕ್ಕೂ ಹೆಚ್ಚು ಕಾಲದ ಅನಂತರ ಇಮ್ಮಡಿ ನಂದಿವರ್ಮ ಕೊಟ್ಟ ಕಾಶಾಕುಡಿ ತಾಮ್ರಪಟದಲ್ಲಿ, ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ತನ್ನ ಮುಖ್ಯ ವೈರಿಗಳನ್ನು ನಾಶಮಾಡಿದನೆಂದು ಹೇಳಿದೆ. ವೈರಿಗಳು ಯಾರೆಂದು ಅದು ಹೆಸರಿಸುವುದಿಲ್ಲ. ರವಿಕೀರ್ತಿಯೂ ‘ಪಲ್ಲವರ ಒಡೆಯ’ ಎನ್ನುತ್ತಾನೆಯೇ ಹೊರತು ಮಹೇಂದ್ರವರ್ಮನ ಹೆಸರನ್ನು ಎತ್ತುವುದಿಲ್ಲ. ಎರಡೂ ಒಂದೇ ಯುದ್ಧದ ಮಾತಿರಬಹುದು ಎಂಬುದು ವಿದ್ವಾಂಸರು ಜೋಡಿಸಿ ಕಟ್ಟಿದ ಊಹೆ. ಆ ಊಹೆಗೆ ಒಳ್ಳೆಯ ಕಾರಣಗಳಿವೆ, ಆದರೂ ಅದು ಊಹೆಯೇ. ನರಸಿಂಹವರ್ಮನ ಮೊಮ್ಮಗ ಪರಮೇಶ್ವರವರ್ಮನ ಕೂರಂ ತಾಮ್ರಪಟವಾದರೋ ಹೆಸರು ಹಿಡಿದೇ ಹೇಳುತ್ತದೆ: ಪರಿಯಾಳ, ಮಣಿಮಂಗಲ, ಶೂರಮಾರ ಮೊದಲಾದ ಕಾಳಗಗಳಲ್ಲಿ ಓಡುತ್ತಿದ್ದ ಪುಲಿಕೇಶಿಯ ಬೆನ್ನೆಂಬ ಹಲಗೆಯ ಮೇಲೆ ನರಸಿಂಹವರ್ಮ ‘ವಿಜಯ’ ಎಂಬ ಅಕ್ಷರಗಳನ್ನು ಬರೆದನಂತೆ. ಹೊಗಳಿಕೆಯ ಕಲೆ ಕಾಂಚಿಯಲ್ಲೂ ಐಹೊಳೆಯಷ್ಟೇ ಚೆನ್ನಾಗಿ ಬೆಳೆದಿತ್ತು.

ನಕ್ಷೆಯಲ್ಲಿ ಪುಳ್ಳಲೂರನ್ನೂ ಮಣಿಮಂಗಲವನ್ನೂ ಹುಡುಕಿ ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎರಡೂ ಕಾಂಚಿಯ ಸುತ್ತಮುತ್ತಲಿನ ಊರುಗಳು. ಪಲ್ಲವರು ಗೆದ್ದೆವೆಂದು ಹೇಳಿಕೊಳ್ಳುವ ಜಾಗವೇ ಅವರ ರಾಜಧಾನಿಯ ಹೊಸ್ತಿಲಾಗಿದ್ದರೆ, ಚಾಲುಕ್ಯರ ಸೇನೆ ಬಾದಾಮಿಯಿಂದ ಅಷ್ಟು ದೂರ ಬಂದಿತ್ತು ಎಂಬುದನ್ನು ಪಲ್ಲವರ ಬಿರುದಿನ ಮಾತೇ ಒಪ್ಪಿಕೊಂಡಂತಾಯಿತು. ಹೊಗಳುವವನು ಹೇಳಬೇಕೆಂದುಕೊಂಡದ್ದಕ್ಕಿಂತ ಹೆಚ್ಚಿನದು ಅವನ ಮಾತಿನಲ್ಲಿ ಅಡಗಿರುತ್ತದೆ. ಅದನ್ನು ಹೊರಗೆಳೆಯುವುದು ಸರಿಯಾದ ಪ್ರಶ್ನೆ ಮಾತ್ರ.

ಮೂರನೆಯ ಸಾಕ್ಷಿಯೊಂದಿದೆ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹರ್ಷನ ಆದರಕ್ಕೆ ಪಾತ್ರನಾದವನು, ಅವನನ್ನು ಮನಸಾರೆ ಮೆಚ್ಚಿದವನು. ಹೀಗಿದ್ದೂ, ಹರ್ಷ ತಾನೇ ಸೇನೆಯ ಮುಂದೆ ನಿಂತು ಹೋದರೂ ಈ ನಾಡಿನವರು ಮಾತ್ರ ಅವನಿಗೆ ಮಣಿಯಲಿಲ್ಲ ಎಂದು ಬರೆದಿಟ್ಟಿದ್ದಾನೆ. ಬಾದಾಮಿಯ ಕವಿಯ ಮಾತಿಗಿಂತ ಹರ್ಷನ ಮಿತ್ರನ ಮಾತಿಗೆ ಇಲ್ಲಿ ತೂಕ ಹೆಚ್ಚು ಏಕೆ ಎಂದು ಕೇಳಿದರೆ ಎಂಟನೆಯ ತರಗತಿಯ ಮಗು ಉತ್ತರ ಹೇಳಬಲ್ಲದು. ಈ ಯುದ್ಧದ ಕಾಲವಾದರೂ ತೀರ್ಮಾನವಾಗಿತ್ತೇ ಎಂದರೆ ಅದೂ ಇಲ್ಲ. ಐಹೊಳೆ ಶಾಸನಕ್ಕಿಂತ ಮೊದಲು ಎಂದಷ್ಟೇ ಖಚಿತವಿದ್ದ ಯುದ್ಧವನ್ನು ಬೇರೆ ಬೇರೆ ವಿದ್ವಾಂಸರು 612ರಿಂದ 634ರ ನಡುವೆ ಎಲ್ಲೆಲ್ಲೋ ಇರಿಸುತ್ತಿದ್ದರು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಪ್ರಕಟಿಸಿದ, ಪುಲಿಕೇಶಿಯದೇ ಆದ 619ರ ತಾಮ್ರಪಟದಲ್ಲಿ ಹರ್ಷನ ಮೇಲಿನ ಗೆಲುವಿನ ಉಲ್ಲೇಖವಿರುವುದರಿಂದ ಯುದ್ಧ 618-19ರ ಚಳಿಗಾಲದಲ್ಲಿ ನಡೆದಿರಬೇಕೆಂದು ಅವರು ವಾದಿಸಿದರು. ಇದು ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಮುಗಿದುಹೋದ ಕಥೆ ಎಂದು ನಾವು ಮಕ್ಕಳಿಗೆ ಒಪ್ಪಿಸುತ್ತಿರುವ ಪಾಠ ಇನ್ನೂ ಬರೆಯಲ್ಪಡುತ್ತಲೇ ಇದೆ.

ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಈ ಸಾಕ್ಷಿಗಳನ್ನು ಒಂದು ಪುಟದಲ್ಲಿ ಜೆರಾಕ್ಸ್ ಮಾಡಿಸಿ, ಯಾವುದು ಯಾರದೆಂದು ಹೇಳದೆ ಮಕ್ಕಳಿಗೆ ಹಂಚಿದ ಶಿಕ್ಷಕಿಯೊಬ್ಬರ ತರಗತಿಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅವರು ಕಪ್ಪುಹಲಗೆಯ ಮೇಲೆ ಬರೆದದ್ದು ಒಂದೇ ಸಾಲು: ‘ಗೆದ್ದವರು ಯಾರು, ನಿಮಗೆ ಹೇಗೆ ಗೊತ್ತು?’ ಮೊದಲ ಹತ್ತು ನಿಮಿಷ ಮಕ್ಕಳು ಉತ್ತರವನ್ನು ಪಠ್ಯಪುಸ್ತಕದಲ್ಲಿ ಹುಡುಕಿದರು. ಅಲ್ಲಿ ಸಿಗದಿದ್ದಾಗ ಮೇಡಂ ಮುಖ ನೋಡಿದರು. ಅವರು ಸುಮ್ಮನಿದ್ದರು, ಆ ಸುಮ್ಮನಿರುವಿಕೆ ಎಷ್ಟು ಕಷ್ಟದ್ದೆಂಬುದು ಪಾಠ ಮಾಡಿದವರಿಗೆ ಗೊತ್ತು. ಕೊನೆಗೆ ಹುಡುಗಿಯೊಬ್ಬಳು ಎದ್ದು, “ಮೇಡಂ, ಸೋತವರು ಕಲ್ಲು ಕೆತ್ತಿಸೋದೇ ಇಲ್ವಾ?” ಎಂದಳು. ಪಕ್ಕದ ಸಾಲಿನ ಹುಡುಗ, ತಮ್ಮ ಮನೆಯಲ್ಲಿ ಹೊಲದ ಬದುವಿನ ಜಗಳವನ್ನು ಅಪ್ಪ ಹೇಳುವುದು ಒಂದು ರೀತಿ, ದೊಡ್ಡಪ್ಪ ಹೇಳುವುದು ಇನ್ನೊಂದು ರೀತಿ ಎಂದ. “ಹಾಗಾದ್ರೆ ಬದು ಯಾರದು ಅಂತ ನೀನು ಹೇಗೆ ಗೊತ್ತುಮಾಡ್ಕೋತೀಯ?” ಎಂದು ಅವರು ಕೇಳಿದಾಗ ಹುಡುಗ ತುಸು ಯೋಚಿಸಿ, “ಸರ್ವೆ ಕಲ್ಲು ನೋಡ್ಬೇಕು, ಮೇಡಂ. ಪಕ್ಕದ ಹೊಲದವರನ್ನೂ ಕೇಳ್ಬೇಕು” ಎಂದ. ಹೇಳಿದವರ ಹಿತಾಸಕ್ತಿಯನ್ನು ಅಳೆಯುವುದು, ಹೊರಗಿನ ಸಾಕ್ಷಿಯೊಡನೆ ತಾಳೆ ನೋಡುವುದು, ಕುರುಹನ್ನು ಹುಡುಕುವುದು ಇತಿಹಾಸಕಾರರ ಕೆಲಸದ ತಿರುಳು. ಅದು ಆ ನಲವತ್ತು ನಿಮಿಷದಲ್ಲಿ ಮಕ್ಕಳ ಬಾಯಿಂದಲೇ ಬಂತು.

ಈಗ ಪಠ್ಯಪುಸ್ತಕದ ಮಾತಿಗೆ ಬರೋಣ. 2017ರಲ್ಲಿ ಬರಗೂರು ರಾಮಚಂದ್ರಪ್ಪ ಅವರ ನೇತೃತ್ವದಲ್ಲಿ ಪರಿಷ್ಕೃತವಾದ ಪುಸ್ತಕಗಳು ಬಂದವು, 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಸಮಿತಿ ಅವನ್ನು ಮತ್ತೆ ಪರಿಷ್ಕರಿಸಿತು, 2023ರಲ್ಲಿ ಸರ್ಕಾರ ಬದಲಾದೊಡನೆ ಮತ್ತೊಮ್ಮೆ ಬದಲಾವಣೆಗಳಾದವು. ಪ್ರತಿಸಲವೂ ಬೀದಿಯಲ್ಲಿ, ವಿಧಾನಸಭೆಯಲ್ಲಿ, ಪತ್ರಿಕೆಗಳಲ್ಲಿ ಕಾವೇರಿದ ಚರ್ಚೆ ನಡೆಯಿತು. ಯಾವ ಪಾಠ ಇರಬೇಕೆಂಬ ಚರ್ಚೆ ಬೇಡವೆಂದು ನಾನು ಹೇಳಲಾರೆ. ಮಗುವಿನ ಕೈಗೆ ಏನು ಕೊಡುತ್ತೇವೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಈ ಜಗಳದ ಎಲ್ಲ ಪಕ್ಷಗಳೂ ಒಂದು ನಂಬಿಕೆಯನ್ನು ಸಮಾನವಾಗಿ ಹಂಚಿಕೊಂಡಿವೆ: ಪುಸ್ತಕದಲ್ಲಿ ಅಚ್ಚಾದದ್ದು ಮಗುವಿನ ತಲೆಗೆ ಹಾಗೆಯೇ ಇಳಿಯುತ್ತದೆ, ಆದ್ದರಿಂದ ಅಚ್ಚಾಗುವುದು ನಮ್ಮದಾಗಿರಬೇಕು. ಓದಿದ್ದನ್ನು ಪ್ರಶ್ನಿಸಲು ಮಗುವಿಗೆ ಕಲಿಸಿದ್ದರೆ ಪಾಠವೊಂದು ಬಂದುಹೋಗುವುದಕ್ಕೆ ಇಷ್ಟು ದಿಗಿಲುಪಡಬೇಕಾಗಿರಲಿಲ್ಲ. ನಮ್ಮ ದಿಗಿಲಿಗೆ ಕಾರಣವಿದೆ, ಏಕೆಂದರೆ ನಾವು ಕಲಿಸಿಲ್ಲ.

ಪ್ರಶ್ನೆ ಕೇಳುವುದೆಂದರೆ ಎಂಥ ಪ್ರಶ್ನೆಯನ್ನಾದರೂ ಕೇಳುವುದು ಎಂದಾಗಬಾರದು. ಚಿಂತನೆಗೆ ಹಚ್ಚುವ ಪ್ರಶ್ನೆ ಎಂಬ ಹೆಸರಿನಲ್ಲಿ ತರಗತಿಗಳಲ್ಲಿ ಬಳಕೆಯಾಗುವ ಎರಡು ಬಗೆಯ ಪ್ರಶ್ನೆಗಳು ನನಗೆ ಉಪಯುಕ್ತವಾಗಿ ಕಂಡಿಲ್ಲ. ಒಂದು, ‘ವಿಜಯನಗರ ತಾಳೀಕೋಟೆಯಲ್ಲಿ ಗೆದ್ದಿದ್ದರೆ ಏನಾಗುತ್ತಿತ್ತು?’ ಎಂಬಂಥದು. ಮಕ್ಕಳು ಹುರುಪಿನಿಂದ ಮಾತಾಡುತ್ತಾರೆ, ಆದರೆ ಯಾರ ಉತ್ತರವನ್ನೂ ಸರಿ ಅಥವಾ ತಪ್ಪೆಂದು ತೋರಿಸಲು ಆಧಾರವಿರುವುದಿಲ್ಲ. ಜೋರಾಗಿ ಮಾತಾಡಿದವನು ಗೆಲ್ಲುತ್ತಾನೆ. ಇನ್ನೊಂದು, ‘ಟಿಪ್ಪು ಒಳ್ಳೆಯವನೋ ಕೆಟ್ಟವನೋ?’ ಎಂಬಂಥದು. ಇದಕ್ಕೆ ಉತ್ತರ ಮಗುವಿನ ಮನೆಯಲ್ಲಿ, ಅಪ್ಪನ ಮೊಬೈಲಿನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ತರಗತಿ ಎರಡು ಪಕ್ಷವಾಗುತ್ತದೆ, ಒಬ್ಬರೂ ಪುಸ್ತಕ ತೆರೆಯುವುದಿಲ್ಲ. ಕೆಣಕುವುದು ಬೇರೆ, ಯೋಚನೆಗೆ ಹಚ್ಚುವುದು ಬೇರೆ.

ಟಿಪ್ಪುವಿನ ವಿಷಯದಲ್ಲೇ ಒಳ್ಳೆಯ ಪ್ರಶ್ನೆಯೊಂದು ಇದೆ. 1791ರಲ್ಲಿ ಮರಾಠಾ ಸೇನೆಯ ದಾಳಿಯಲ್ಲಿ ಶೃಂಗೇರಿ ಮಠ ಲೂಟಿಯಾದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಗೌರವದಿಂದ ಕನ್ನಡದಲ್ಲಿ ಪತ್ರ ಬರೆಸಿದ, ಶಾರದಾ ವಿಗ್ರಹದ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ. ಈ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಮೂಲಕ ಬೆಳಕಿಗೆ ಬಂದವು. ಅದೇ ಟಿಪ್ಪು ಕೊಡಗಿನಿಂದ ಬಹುಸಂಖ್ಯೆಯ ಜನರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ, ಆ ನೆನಪು ಕೊಡಗಿನಲ್ಲಿ ಇಂದಿಗೂ ಆರಿಲ್ಲ. ಒಂದನ್ನು ಹೇಳುವವರು ಇನ್ನೊಂದನ್ನು ಮುಚ್ಚಿಡುತ್ತಾರೆ. ‘ಒಬ್ಬನೇ ಅರಸ ಕೆಲವೇ ವರ್ಷಗಳ ಅಂತರದಲ್ಲಿ ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ನಡೆದುಕೊಂಡದ್ದು ಏಕೆ?’ ಎಂದು ಕೇಳಿದರೆ ಎರಡನ್ನೂ ಮೇಜಿನ ಮೇಲೆ ಇಡಲೇಬೇಕಾಗುತ್ತದೆ. ಶೃಂಗೇರಿ ಅವನ ರಾಜ್ಯದೊಳಗಿತ್ತು, ಆಗ ಅವನ ಮೇಲೆ ಬ್ರಿಟಿಷರು, ನಿಜಾಮ, ಮರಾಠರು ಒಟ್ಟಾಗಿ ಯುದ್ಧ ಸಾರಿದ್ದರು. ಕೊಡಗು ಅವನ ಆಳ್ವಿಕೆಯ ವಿರುದ್ಧ ಮತ್ತೆ ಮತ್ತೆ ಬಂಡೆದ್ದಿತ್ತು. ಈ ಕಾರಣಗಳನ್ನು ತಿಳಿಯುವುದರಿಂದ ಕೊಡಗಿನವರ ನೋವು ಕಡಿಮೆಯಾಗುವುದಿಲ್ಲ, ಶೃಂಗೇರಿಯ ಪತ್ರಗಳು ಸುಳ್ಳಾಗುವುದೂ ಇಲ್ಲ. ಹದಿನಾಲ್ಕು ವರ್ಷದ ಮಗು ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳಬಲ್ಲದು, ದೊಡ್ಡವರಿಗಿಂತ ಚೆನ್ನಾಗಿಯೇ.

ಆದರೆ ಶಿಕ್ಷಕರ ಸ್ಥಿತಿಯನ್ನೂ ನೋಡಬೇಕು. 2015ರಿಂದ 2019ರವರೆಗೆ ಟಿಪ್ಪು ಜಯಂತಿ ಈ ರಾಜ್ಯದಲ್ಲಿ ಎಂಥ ಬಿರುಕು ಮೂಡಿಸಿತೆಂದು ಕಂಡವರು ತರಗತಿಯಲ್ಲಿ ಆ ಹೆಸರೆತ್ತಲು ಅಳುಕಿದರೆ ಅವರನ್ನು ದೂರಲಾಗದು. ಮಗುವೊಂದು ಮನೆಗೆ ಹೋಗಿ ಅರ್ಧಂಬರ್ಧ ಹೇಳಿದ ಮಾತು ಸಂಜೆಯೊಳಗೆ ವಾಟ್ಸಾಪಿನಲ್ಲಿ ಸುತ್ತಿ, ಮರುದಿನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ವಿಚಾರಣೆ ನಡೆಯಬಹುದು. ಹಾಗಾಗಿಯೇ ದೂರದ ಕಾಲದಿಂದ ಪ್ರಾರಂಭಿಸುವುದು ಜಾಣತನವೆಂದು ನನಗನಿಸುತ್ತದೆ. ಚಾಲುಕ್ಯ-ಪಲ್ಲವರ ಕಾಳಗದಲ್ಲಿ ಇಂದು ಯಾರ ಗಾಯವೂ ಹಸಿಯಾಗಿಲ್ಲ. ಸಾಕ್ಷಿಯನ್ನು ತೂಗುವ ಅಭ್ಯಾಸ ಅಲ್ಲಿ ಕೈಗೆ ಹತ್ತಿದ ಮೇಲೆ ಹತ್ತಿರದ ಕಾಲಕ್ಕೆ ಬಂದರೆ ಮಕ್ಕಳು ಪಕ್ಷ ಹಿಡಿಯುವ ಮೊದಲು ಆಧಾರ ಕೇಳುತ್ತಾರೆ.

ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿರುವಷ್ಟು ಸಮೃದ್ಧವಾಗಿ ಎಲ್ಲೆಡೆ ಇರಲಾರದು. ಬಿ.ಎಲ್. ರೈಸ್ 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳಿವೆ, ಅವನ್ನು ತಾಲ್ಲೂಕುವಾರು ಜೋಡಿಸಲಾಗಿದೆ. ಹಳೆಯ ಮೈಸೂರು ಸೀಮೆಯ ಶಿಕ್ಷಕರೊಬ್ಬರು ತಮ್ಮ ತಾಲ್ಲೂಕಿನ ಹೆಸರು ತೆಗೆದು ನೋಡಿದರೆ ಶಾಲೆಯಿಂದ ನಡೆದು ಹೋಗಬಹುದಾದ ದೂರದಲ್ಲಿ ಒಂದಾದರೂ ಕಲ್ಲು ಸಿಗುವ ಸಂಭವ ಹೆಚ್ಚು. ಆ ಸಂಪುಟಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಉತ್ತರ ಕರ್ನಾಟಕದ ಶಾಸನಗಳು ಬೇರೆ ಮಾಲೆಗಳಲ್ಲಿ ಹರಡಿಕೊಂಡಿರುವುದರಿಂದ ಅಲ್ಲಿನವರಿಗೆ ಹುಡುಕಾಟ ತುಸು ಕಷ್ಟ. ಕಲ್ಲುಗಳಿಗಂತೂ ಅಲ್ಲಿ ಬರವಿಲ್ಲ.

ಬೆಂಗಳೂರಿನ ಮಕ್ಕಳಿಗೆ ಬೇಗೂರು ಸಾಕು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’ ಬೆಂಗಳೂರಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು 890ರ ವೀರಗಲ್ಲೊಂದಿದೆ. ಗಂಗರ ಕಾಲದ ನಾಗತ್ತರನೆಂಬ ಅಧಿಕಾರಿಯ ಕಡೆಯವರು ಬೆಂಗಳೂರ ಕಾಳಗದಲ್ಲಿ ಮಡಿದ ಸಂಗತಿ ಅದರಲ್ಲಿದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಊರಿಗೆ ಆ ಹೆಸರಿತ್ತು ಎಂದಾಯಿತು. ಬಹುಪಾಲು ಶಿಕ್ಷಕರು ಇಲ್ಲಿಗೆ ನಿಲ್ಲಿಸುತ್ತಾರೆ: ಕಥೆ ಸುಳ್ಳು, ಕಲ್ಲು ನಿಜ. ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಆಮೇಲೆ ಬರುತ್ತದೆ. ಹೆಸರು ಹಳೆಯದಾಗಿದ್ದೂ ಜನ ಅರಸನನ್ನೂ ಮುದುಕಿಯನ್ನೂ ಸೇರಿಸಿ ಕಥೆ ಕಟ್ಟಿದ್ದೇಕೆ? ಹಸಿದ ದೊರೆಗೆ ಬಡವಿ ಅನ್ನ ಕೊಟ್ಟ ಕಥೆಯನ್ನು ತಮ್ಮ ಊರಿನದೆಂದು ಹೇಳಿಕೊಳ್ಳಲು ಅವರಿಗೆ ಏಕೆ ಇಷ್ಟವಾಯಿತು? ಕಥೆಯೂ ಸಾಕ್ಷಿಯೇ, ಊರು ಹುಟ್ಟಿದ ಬಗ್ಗೆ ಅದು ಹೇಳದಿರಬಹುದು, ಊರಿನವರ ಮನಸ್ಸಿನ ಬಗ್ಗೆ ಹೇಳುತ್ತದೆ.

ಮಕ್ಕಳಿಗೆ ಇನ್ನೂ ಪ್ರಿಯವಾಗುವ ಕಲ್ಲು ಆತಕೂರಿನದು. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಶಕವರ್ಷ 872ರಲ್ಲಿ, ಅಂದರೆ 949-50ರಲ್ಲಿ ನೆಟ್ಟ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನಿಗೆ ಅರಸನು ಮೆಚ್ಚಿ, ಬೇಕಾದ್ದನ್ನು ಕೇಳೆಂದಾಗ ಅವನು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಇಂದಿಗೂ ಹೋರಾಡುತ್ತಿವೆ. ಅರಸನೇ ಕೇಳೆಂದಾಗ ಊರು, ಹೊನ್ನು ಬಿಟ್ಟು ನಾಯಿಯನ್ನು ಕೇಳುವ ಕಾಲ ಎಂಥದಿರಬೇಕು? ಯಾವ ನಾಡಿನಲ್ಲಿ, ಯಾವ ಕಾಡಿನ ಅಂಚಿನಲ್ಲಿ ಬೇಟೆನಾಯಿಗೆ ಅಷ್ಟು ಬೆಲೆ?

ಅದೇ ಕಲ್ಲಿನ ಮೇಲೆ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯೂ ಇದೆ. ಮೊದಮೊದಲು ಇದನ್ನು ಓದಿದ ವಿದ್ವಾಂಸರು ‘ಬಿಸುಗೆಯೆ ಕಳನಾಗೆ’ ಎಂಬ ಮಾತಿನಲ್ಲಿ ‘ಬೆಸುಗೆ’ಯನ್ನೂ ‘ಕಳ್ಳ’ನನ್ನೂ ಕಂಡು, ಬೂತುಗನು ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದನೆಂದು ಅರ್ಥಮಾಡಿದರು. ಬಿಸುಗೆ ಎಂದರೆ ಆನೆಯ ಮೇಲಿನ ಪೀಠ, ಕಳ ಎಂದರೆ ಕಾಳಗದ ನೆಲ. ಆನೆಯ ಮೇಲಿನ ಪೀಠವೇ ರಣರಂಗವಾಗಲು ಅಲ್ಲೇ ಹೋರಾಡಿ ಕೊಂದನೆಂಬ ಅರ್ಥ ಅನಂತರ ಸ್ಪಷ್ಟವಾಯಿತು. ಎರಡು ಪದಗಳ ಓದು ಬದಲಾದದ್ದರಿಂದ ಸಾವಿರ ವರ್ಷದ ಹಿಂದಿನವನೊಬ್ಬ ವಂಚಕನೆಂಬ ಅಪವಾದದಿಂದ ಪಾರಾದ. ಕನ್ನಡ ವ್ಯಾಕರಣದ ತರಗತಿಗೂ ಇತಿಹಾಸದ ತರಗತಿಗೂ ನಡುವೆ ಗೋಡೆ ಬೇಕೇ ಎಂದು ಇಂಥ ಕಡೆ ನಾನು ಯೋಚಿಸುತ್ತೇನೆ.

ಹತ್ತಿರದ ಕಾಲಕ್ಕೆ ಬಂದರೆ ಈಸೂರು ಇದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿಕೊಂಡದ್ದು, ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತದ್ದು, 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದ್ದು ಪಾಠದಲ್ಲಿ ಬರುತ್ತದೆ, ‘ಟಿಪ್ಪಣಿ ಬರೆಯಿರಿ’ ಎಂದು ಪ್ರಶ್ನೆಯೂ ಬರುತ್ತದೆ. ಈಸೂರು ಮೈಸೂರು ಸಂಸ್ಥಾನದಲ್ಲಿತ್ತು. ಸತ್ತ ಅಧಿಕಾರಿಗಳು ಮಹಾರಾಜರ ಸರ್ಕಾರದವರು, ಗಲ್ಲಿಗೇರಿಸಿದ್ದೂ ಅದೇ ಸರ್ಕಾರ. ಬ್ರಿಟಿಷರೇ ಭಾರತ ಬಿಟ್ಟು ತೊಲಗಿ ಎಂದು ಕೂಗಿದ ಹಳ್ಳಿಗರು ಎದುರು ನಿಂತದ್ದು ಯಾರಿಗೆ ಎಂಬ ಪ್ರಶ್ನೆಯನ್ನು ನಾನು ಯಾವ ಅಭ್ಯಾಸ ಪುಟದಲ್ಲೂ ಕಂಡಿಲ್ಲ. ಸಂಸ್ಥಾನ, ಬ್ರಿಟಿಷ್ ಪರಮಾಧಿಕಾರ, ಕಂದಾಯ, ಹಳ್ಳಿಯ ಅಧಿಕಾರಿಯ ದರ್ಪ ಎಲ್ಲವೂ ಆ ಒಂದು ಪ್ರಶ್ನೆಯೊಳಗಿವೆ.

ಇಷ್ಟೆಲ್ಲ ಇದ್ದೂ ತರಗತಿಗಳು ಬದಲಾಗದಿರುವುದಕ್ಕೆ ಕಾರಣ ಶಿಕ್ಷಕರ ಸೋಮಾರಿತನವೆನ್ನುವುದು ಅನ್ಯಾಯ. ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನವೆಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಷಯಗಳು, ಒಬ್ಬರೇ ಶಿಕ್ಷಕರು. ಎಸ್ಸೆಸ್ಸೆಲ್ಸಿಯಲ್ಲಿ ಇವೆಲ್ಲಕ್ಕೂ ಸೇರಿ 80 ಅಂಕಗಳ ಒಂದು ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಡಿಸೆಂಬರಿನೊಳಗೆ ಪಾಠಗಳು ಮುಗಿಯಬೇಕು, ಆಮೇಲೆ ಪುನರಾವರ್ತನೆ, ಸರಣಿ ಪರೀಕ್ಷೆ, ಹಿಂದುಳಿದವರಿಗೆ ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’. ಫಲಿತಾಂಶ ಇಳಿದರೆ ನೋಟಿಸು. ಪಾಸಿಂಗ್ ಪ್ಯಾಕೇಜನ್ನು ಹಗುರವಾಗಿ ಕಾಣುವವರಲ್ಲಿ ನಾನಿಲ್ಲ. ಹಳ್ಳಿಯ ಹುಡುಗಿಯೊಬ್ಬಳು ಅದರ ಬಲದಿಂದ ಪಾಸಾಗಿ ಪಿಯುಸಿಗೆ ಹೋದರೆ ಅವಳ ಮದುವೆ ಎರಡು ವರ್ಷವಾದರೂ ಮುಂದೆ ಹೋಗಬಹುದು. ಆದರೆ ಆ ಪ್ಯಾಕೇಜನ್ನು ರೂಪಿಸುವುದು ಪ್ರಶ್ನೆಪತ್ರಿಕೆ. ಪತ್ರಿಕೆ ‘ಕಾರಣಗಳೇನು, ಪರಿಣಾಮಗಳೇನು’ ಎಂದು ಕೇಳುವವರೆಗೆ ಶಿಕ್ಷಕರು ಅಂಶಗಳನ್ನು ಬರೆಸುತ್ತಲೇ ಇರುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಿಂದ 2020ರ ಶಿಕ್ಷಣ ನೀತಿಯವರೆಗೆ ಎಲ್ಲ ದಾಖಲೆಗಳೂ ಬಾಯಿಪಾಠ ಬೇಡವೆಂದೇ ಹೇಳಿವೆ. ಪರೀಕ್ಷೆಯ ನೀಲನಕ್ಷೆ ಮಾತ್ರ ಅವನ್ನು ಓದಿದಂತೆ ಕಾಣುವುದಿಲ್ಲ.

ಬೇರೆ ಕಡೆ ಈ ಪ್ರಯತ್ನ ನಡೆದಿದೆ. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆ 1986ರಿಂದ 2002ರವರೆಗೆ ಒಂಬತ್ತು ಮಾಧ್ಯಮಿಕ ಶಾಲೆಗಳಲ್ಲಿ ತಾನೇ ಬರೆದ ಸಮಾಜ ವಿಜ್ಞಾನದ ಪುಸ್ತಕಗಳನ್ನು ಕಲಿಸಿತು. ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕ ತೆರೆದು ಬರೆಯಬಹುದಾಗಿತ್ತು, ಏಕೆಂದರೆ ನಕಲು ಮಾಡಿ ಉತ್ತರಿಸಲಾಗುವ ಪ್ರಶ್ನೆಗಳು ಅಲ್ಲಿರಲಿಲ್ಲ. ಇಂಗ್ಲೆಂಡಿನಲ್ಲಿ 1972ರಲ್ಲಿ ಪ್ರಾರಂಭವಾದ ಶಾಲಾ ಇತಿಹಾಸ ಯೋಜನೆ ಆಧಾರಗಳನ್ನು ಮಕ್ಕಳ ಕೈಗಿತ್ತು ತನಿಖೆಗೆ ಹಚ್ಚಿತು, ಮುಂದೆ ಅದು ಅಲ್ಲಿನ ಸಾರ್ವಜನಿಕ ಪರೀಕ್ಷೆಯನ್ನೂ ಪ್ರವೇಶಿಸಿತು. ಅಲ್ಲಿ ಇನ್ನೊಂದು ಕಾಯಿಲೆ ಕಾಣಿಸಿಕೊಂಡಿತು: ‘ಈ ಆಧಾರ ಪಕ್ಷಪಾತದಿಂದ ಕೂಡಿದೆ, ಆದ್ದರಿಂದ ನಂಬಲಾಗದು’ ಎಂಬ ಸಿದ್ಧ ವಾಕ್ಯವನ್ನು ಮಕ್ಕಳು ಉರುಹೊಡೆದು ಎಲ್ಲದಕ್ಕೂ ಅಂಟಿಸತೊಡಗಿದರು. ನಮ್ಮಲ್ಲಿ ಸಿಬಿಎಸ್‌ಇ ಪತ್ರಿಕೆಗಳ ಆಧಾರ ಆಧರಿತ ಪ್ರಶ್ನೆಗಳು ಬಹಳ ಸಲ ಭಾಷಾ ಪತ್ರಿಕೆಯ ಗದ್ಯಭಾಗದ ಪ್ರಶ್ನೆಗಳಂತಾಗಿ, ಕೊಟ್ಟ ಸಾಲಿನಲ್ಲೇ ಉತ್ತರ ಹುಡುಕಿ ಬರೆದರೆ ಸಾಕೆಂಬಂತಿರುತ್ತವೆ. ಪಕ್ಷಪಾತವಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ರವಿಕೀರ್ತಿ ಪಕ್ಷಪಾತಿಯೇ, ಆದರೂ ಅವನನ್ನು ಬಿಟ್ಟರೆ ಪುಲಿಕೇಶಿಯ ಬಗ್ಗೆ ನಮಗೆ ಉಳಿಯುವುದೇನು? ಪಕ್ಷಪಾತಿಯ ಮಾತಿನಿಂದ ನಿಜವನ್ನು ಬಿಡಿಸಿಕೊಳ್ಳುವುದನ್ನು ಕಲಿಸಬೇಕಾಗಿದೆ.

ಕರ್ನಾಟಕದ ಮಂಡಳಿ ದೊಡ್ಡ ಸುಧಾರಣೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಕನ್ನಡ ಪತ್ರಿಕೆಯಲ್ಲಿ ಮಗು ಹಿಂದೆ ಓದಿರದ ಅಪಠಿತ ಗದ್ಯವನ್ನು ಕೊಟ್ಟು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ, ಯಾರೂ ಅದನ್ನು ಪಠ್ಯದ ಹೊರಗಿನದೆಂದು ಆಕ್ಷೇಪಿಸುವುದಿಲ್ಲ. ಸಮಾಜ ವಿಜ್ಞಾನದ ಪತ್ರಿಕೆಯಲ್ಲೂ ನಾಲ್ಕು ಅಂಕಕ್ಕೆ ಒಂದು ಅಪಠಿತ ಆಧಾರವನ್ನು ಕೊಡಲಿ: ಹೊಸಗನ್ನಡದಲ್ಲಿ ಅರ್ಥ ಬರೆದ ನಾಲ್ಕು ಸಾಲಿನ ಶಾಸನ, ಒಂದು ಹಳೆಯ ಪತ್ರ, ವೀರಗಲ್ಲಿನ ಒಂದು ಚಿತ್ರ. ಇದನ್ನು ಮಾಡಿಸಿದವರಿಗೆ ಏನು ಬೇಕಿತ್ತು, ಇದರಲ್ಲಿ ಯಾರ ಮಾತು ಇಲ್ಲ, ಇದನ್ನು ತಾಳೆ ನೋಡಲು ಇನ್ನೇನು ಹುಡುಕುವೆ ಎಂದು ಕೇಳಲಿ. ಮೌಲ್ಯಮಾಪನ ಶಿಬಿರದಲ್ಲಿ ಕುಳಿತವರಿಗೆ ಮಾದರಿ ಉತ್ತರದ ಬದಲು, ಕಾರಣ ಕೊಟ್ಟ ಯಾವುದೇ ಉತ್ತರಕ್ಕೆ ಅಂಕ ಎಂಬ ಸೂಚನೆ ಬೇಕಾಗುತ್ತದೆ. ನೀಳ್ಗತೆಯಂಥ ಪ್ರಬಂಧಗಳಿಗೆ ಅಂಕ ಕೊಡಬಲ್ಲ ನಮ್ಮ ಭಾಷಾ ಶಿಕ್ಷಕರಿಗೆ ಅದು ಹೊಸತಲ್ಲ. ನಾಲ್ಕು ಅಂಕ ಸಣ್ಣದು. ಆದರೆ ನಾಲ್ಕು ಅಂಕ ಪತ್ರಿಕೆಯಲ್ಲಿದೆ ಎಂದಾದ ಮರುವರ್ಷವೇ ತರಗತಿಯಲ್ಲಿ ಅದಕ್ಕೆ ಸಮಯ ಸಿಗುತ್ತದೆ, ಆ ಮಟ್ಟಿಗೆ ನಮ್ಮ ವ್ಯವಸ್ಥೆಯನ್ನು ನಂಬಬಹುದು.

ಡಿಸೆಂಬರು ಬಂದರೆ ಶೈಕ್ಷಣಿಕ ಪ್ರವಾಸದ ಕೆಂಪು ಬಸ್ಸುಗಳು ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ ಹೊರಡುತ್ತವೆ. ಮಕ್ಕಳು ಮೇಗುತಿ ಗುಡ್ಡ ಹತ್ತಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ, ಸಂಜೆಗೆ ಬಾದಾಮಿಯ ಗುಹೆಗಳನ್ನು ನೋಡಿ ಅಗಸ್ತ್ಯತೀರ್ಥದ ದಡದಲ್ಲಿ ಬುತ್ತಿ ಬಿಚ್ಚುತ್ತಾರೆ. ಅದೇ ಬಾದಾಮಿಯಲ್ಲಿ, ಬಂಡೆಯೊಂದರ ಮೇಲೆ, ಸವೆದು ಮುರಿದ ಅಕ್ಷರಗಳಲ್ಲಿ ಪಲ್ಲವ ನರಸಿಂಹವರ್ಮನ ಶಾಸನವೂ ಇದೆ. ಚಾಲುಕ್ಯರ ರಾಜಧಾನಿಯನ್ನು ಹಿಡಿದವನು ಅವರ ಊರಿನ ಕಲ್ಲಿನ ಮೇಲೆಯೇ ತನ್ನ ಹೆಸರು ಕೆತ್ತಿಸಿದ್ದು. ಆಮೇಲೆ ಊರನ್ನು ಮರಳಿ ಪಡೆದ ಚಾಲುಕ್ಯರು ಆ ಬರೆಹವನ್ನು ಪೂರ್ತಿ ಉಜ್ಜಿ ಅಳಿಸದೆ ಬಿಟ್ಟದ್ದೇಕೆ ಎಂಬುದನ್ನು ಬಸ್ಸಿನಲ್ಲಿ ಹೋಗುವಾಗಲೇ ಮಕ್ಕಳಿಗೆ ಕೇಳಿಬಿಡಬೇಕು. ದಾರಿ ಉದ್ದವಿದೆ, ಉತ್ತರಗಳು ಬರುತ್ತವೆ.